ಕಾಮಣ್ಣನ ಹಬ್ಬದ ಹಳೆಯ ಗುರುತುಗಳು

ಹೆಂಡತಿ ಮಕ್ಕಳ ಜೀವ ಉಳಿಯಲೆಂದು ತನ್ನ ಮತವನ್ನೇ ಬಿಟ್ಟುಕೊಟ್ಟವನು ನಿಕೊಲೊ ಕಾಂಟಿ. ವೆನಿಸ್ ಸೀಮೆಯ ವರ್ತಕ. ಡಮಾಸ್ಕಸ್‌ನಲ್ಲಿ ಅರಬ್ಬಿ ಕಲಿತು, ಪರ್ಷಿಯಾ ದಾಟಿ, 1420ರ ಆಸುಪಾಸಿನಲ್ಲಿ ವಿಜಯನಗರವನ್ನು ಕಂಡು, ಅಲ್ಲಿಂದಾಚೆ ಸುಮಾತ್ರ, ಜಾವಾವರೆಗೂ ಸುತ್ತಿದ. ಸುಮಾರು ಇಪ್ಪತ್ತೈದು ವರ್ಷ ಪೂರ್ವದೇಶಗಳಲ್ಲೇ ಕಳೆದು, ಸಂಸಾರ ಸಮೇತ ಊರಿಗೆ ಮರಳುವಾಗ ಈಜಿಪ್ಟಿನ ಹಾದಿಯಲ್ಲಿ ಪ್ರಾಣಭಯ ಎದುರಾಯಿತು. ತನ್ನ ಜೀವಕ್ಕಿಂತ ಹೆಂಡತಿ ಮಕ್ಕಳ ಜೀವಕ್ಕೆ ಹೆದರಿ ಮತ ಬದಲಿಸಿದ. ಅಷ್ಟು ಮಾಡಿದರೂ ಪ್ಲೇಗು ಬಂದು ಅವನ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಈಜಿಪ್ಟಿನಲ್ಲೇ ಕೊಂಡೊಯ್ಯಿತು. ಅವಳನ್ನು ಅವನು ಮದುವೆಯಾದದ್ದು ಭಾರತದಲ್ಲಿ ಎಂದು, ದಾರಿಯಲ್ಲಿ ಅವನನ್ನು ಭೇಟಿಯಾಗಿದ್ದ ಪೆರೊ ತಫೂರ್ ಎಂಬ ಸ್ಪೇನಿನ ಪ್ರವಾಸಿ ಬರೆದಿಟ್ಟಿದ್ದಾನೆ.

ಇಟಲಿಗೆ ಬಂದ ಕಾಂಟಿ ನಾಲ್ಕನೆಯ ಯೂಜೀನಿಯಸ್ ಪೋಪನ ಬಳಿ ಕ್ಷಮೆ ಕೇಳಿದ. ಕಂಡದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳು, ಅದೇ ನಿನ್ನ ಪ್ರಾಯಶ್ಚಿತ್ತ ಎಂದು ಪೋಪ್ ವಿಧಿಸಿದನೆಂಬ ಮಾತಿದೆ. ಕೇಳಿ ಬರೆದುಕೊಂಡವನು ಪೋಪನ ಕಾರ್ಯದರ್ಶಿ, ವಿದ್ವಾಂಸ ಪೋಜ್ಜೊ ಬ್ರಾಚಿಯೊಲಿನಿ. 1448ರ ಹೊತ್ತಿಗೆ ಮುಗಿದ ತನ್ನ ಲ್ಯಾಟಿನ್ ಗ್ರಂಥದ ನಾಲ್ಕನೆಯ ಭಾಗದಲ್ಲಿ ಅದನ್ನು ಸೇರಿಸಿದ.

ಆ ಪುಟಗಳಲ್ಲಿ ವಿಜಯನಗರದ ಹಬ್ಬಗಳು ಬರುತ್ತವೆ. ಮಿಂದು ಹೊಸ ಬಟ್ಟೆ ತೊಟ್ಟು ಮೂರು ದಿನ ಹಾಡಿ ಕುಣಿದು ಉಣ್ಣುವುದೊಂದು. ಗುಡಿಯ ಒಳಗೂ ಮಾಳಿಗೆಯ ಮೇಲೂ ಹಗಲಿರುಳು ಎಣ್ಣೆದೀಪ ಉರಿಸುವುದೊಂದು. ಒಂಬತ್ತು ದಿನ ನಡೆಯುವುದು ಮತ್ತೊಂದು. ಇವಲ್ಲದೆ ಬೇರೆ ಮೂರು ದಿನ ಬೀದಿಬದಿಯಲ್ಲಿ ಕೇಸರಿ ನೀರು ತುಂಬಿಟ್ಟು ಹೋಗಿಬರುವವರ ಮೇಲೆಲ್ಲ ಎರಚುತ್ತಾರೆ. ರಾಜರಾಣಿಯರಿಗೂ ವಿನಾಯಿತಿಯಿಲ್ಲ. ಎಲ್ಲರೂ ನಗುನಗುತ್ತಲೇ ಮೈಯೊಡ್ಡುತ್ತಾರೆ.

ಈ ವೃತ್ತಾಂತ 1857ರಲ್ಲಿ ಇಂಗ್ಲಿಷಿಗೆ ಬಂತು. ಬಳ್ಳಾರಿಯಲ್ಲಿ ಕಲೆಕ್ಟರಾಗಿದ್ದ ರಾಬರ್ಟ್ ಸ್ಯೂಯೆಲ್ 1900ರಲ್ಲಿ ವಿಜಯನಗರದ ಮೇಲೆ ಬರೆದ ದೊಡ್ಡ ಪುಸ್ತಕದಲ್ಲಿ ಕಾಂಟಿಯನ್ನು ಎದುರಿಗಿಟ್ಟುಕೊಂಡ. ಸ್ಯೂಯೆಲ್‌ಗೆ ಬೇಕಿದ್ದುದು ಅರಸರ ಕಾಲ, ಯುದ್ಧಗಳ ಲೆಕ್ಕ. ಕಾಂಟಿಗೆ ಬೇಕಿದ್ದುದು ಪಾಪಪರಿಹಾರ. ಬಣ್ಣದ ನೀರು ಇಬ್ಬರಿಗೂ ದಾರಿಯಲ್ಲಿ ಸಿಕ್ಕ ಸಂಗತಿ, ಅಷ್ಟೆ. ಕಾಮನ ಹಬ್ಬದ ಹಿನ್ನೆಲೆಯನ್ನು ಹುಡುಕುತ್ತ ಹೋದಂತೆ ನನ್ನನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸಿದ್ದು ಇದೇ. ನಮ್ಮ ನೆಲದಲ್ಲಿ ಪ್ರೀತಿಗೆಂದೇ ಒಂದು ಹಬ್ಬವಿತ್ತು ಎಂಬುದನ್ನು ಕಂಡುಕೊಟ್ಟವರಲ್ಲಿ ಹೆಚ್ಚಿನವರು ಅದನ್ನು ಹುಡುಕಿ ಹೊರಟವರಲ್ಲ.

ಕೊರಟಗೆರೆ ತಾಲ್ಲೂಕಿನ ನಮ್ಮ ಹೊಳವನಹಳ್ಳಿಯ ಕಡೆ ಬಣ್ಣದ ನೀರಿಗೆ ಓಕುಳಿ ಎನ್ನುತ್ತೇವೆ. ಅರಿಶಿನದ ನೀರಿಗೆ ಸುಣ್ಣ ಬಿದ್ದ ಕೂಡಲೇ ಕೆಂಪಾಗುವ ಆ ನೀರನ್ನು ಮದುವೆಯ ಮರುದಿನ ಗಂಡು ಹೆಣ್ಣು ಒಬ್ಬರ ಮೇಲೊಬ್ಬರು ಎರಚಿ ಆಡುವುದನ್ನು ಹಳಬರು ಚೆನ್ನಾಗಿ ಬಲ್ಲರು. ಹೊಸ ಜೋಡಿ ಜನರೆದುರು ನಾಚಿಕೆ ಬಿಟ್ಟು ನಗುವುದು ಅಂದೇ ಮೊದಲು. ಕಾಂಟಿ ಕಂಡ ಕೇಸರಿ ನೀರೂ ಅರಿಶಿನದ್ದೇ ಇದ್ದೀತೆಂದು ನನ್ನ ಊಹೆ. ಊರಿಗೆ ಊರೇ ಎರಚುವಷ್ಟು ಕೇಸರಿಯನ್ನು ಎಲ್ಲಿಂದ ತಂದಾರು?

ಫಾಲ್ಗುಣದ ಹುಣ್ಣಿಮೆಯ ಕಾಮನ ಹಬ್ಬ ಮಾತ್ರ ಬೇರೆಯೇ ಜಾತಿಯದೆಂಬಂತೆ ಕಾಣುತ್ತದೆ. ಹುಡುಗರು ಸೌದೆ, ಬೆರಣಿ, ಸೋಗೆ, ಮುರುಕು ಬಾಗಿಲು, ಹಳೆ ಪೊರಕೆ ಕದ್ದು ತಂದು ಗುಡ್ಡೆ ಹಾಕುತ್ತಾರೆ. ಅಂದಿನ ಕಳ್ಳತನಕ್ಕೆ ಪಂಚಾಯಿತಿಯಿಲ್ಲ. ತಮಟೆ ಬಡಿದು, ಬಾಯಿ ಬಡಿದುಕೊಂಡು, ಹಗಲಲ್ಲಿ ಆಡಲಾಗದ ಮಾತುಗಳನ್ನೆಲ್ಲ ಕೂಗಿ ಕಾಮಣ್ಣನನ್ನು ಸುಡುತ್ತಾರೆ. ಬೆಳಗ್ಗೆ ಬೂದಿಯನ್ನು ಹಣೆಗೆ ಇಟ್ಟುಕೊಳ್ಳುತ್ತಾರೆ. ಒಲವಿನ ದೇವರನ್ನು ಸುಟ್ಟು ಹಾಕುವ ರಾತ್ರಿಯೂ ಮದುಮಕ್ಕಳ ಓಕುಳಿಯೂ ಒಂದೇ ಹಬ್ಬದ ಎರಡು ತುಂಡುಗಳು ಎಂದರೆ ಮೇಲುನೋಟಕ್ಕೆ ಯಾರೂ ನಂಬುವುದಿಲ್ಲ. ನಂಬಬಹುದು ಎಂದು ತೋರಿಸಿಕೊಟ್ಟದ್ದು ಹಳೆಯ ತಾಳೆಗರಿ, ಕಾಗದದ ಪ್ರತಿಗಳು.

ಅವುಗಳಲ್ಲಿ ಒಂದನ್ನು ಬೆಳಕಿಗೆ ತಂದವರು ಭಗವಾನ್‌ಲಾಲ್ ಇಂದ್ರಜಿ. 1839ರಲ್ಲಿ ಜುನಾಗಢದಲ್ಲಿ ಹುಟ್ಟಿದ ಅವರು ಗಿರ್ನಾರ್ ಬೆಟ್ಟದ ಬಂಡೆಯ ಮೇಲಿನ ಅಶೋಕನ ಅಕ್ಷರಗಳನ್ನು ಓದುವ ಹಠಕ್ಕೆ ಹುಡುಗನಾಗಿದ್ದಾಗಲೇ ಬಿದ್ದವರು. ಮುಂಬಯಿಯಲ್ಲಿ ಡಾಕ್ಟರ್ ಭಾವು ದಾಜಿ ಅವರ ಆಸರೆಯಲ್ಲಿ ಬೆಳೆದು ನೇಪಾಳದವರೆಗೆ ಶಾಸನಗಳನ್ನು ಅರಸಿ ಅಲೆದರು. ಸಾತವಾಹನರ ನಾಣೇಘಾಟದ ಶಾಸನವನ್ನೂ, ಕಳಿಂಗದ ಹಾಥಿಗುಂಫಾ ಶಾಸನವನ್ನೂ ಓದಿದರು. ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಮುಂಬಯಿಯಲ್ಲಿ ಅಧಿಕಾರಿಯಾಗಿದ್ದ ಆರ್ಬತ್ನಾಟ್ ‘ಅನಂಗರಂಗ’ ಎಂಬ ಸಂಸ್ಕೃತ ಗ್ರಂಥವನ್ನು ಪಂಡಿತರಿಂದ ಓದಿಸಿಕೊಳ್ಳುತ್ತಿದ್ದಾಗ ವಾತ್ಸ್ಯಾಯನನ ಹೆಸರು ಪದೇ ಪದೇ ಎದುರಾಯಿತು. ಯಾರು ಈ ವಾತ್ಸ್ಯಾಯನ ಎಂದು ಕೇಳಿದಾಗ, ಈ ವಿಷಯಕ್ಕೆಲ್ಲ ಮೂಲಪುರುಷ ಅವನೇ, ಅವನ ಗ್ರಂಥ ಪೂರ್ತಿ ಸಿಗುವುದೇ ಕಷ್ಟ ಎಂಬ ಉತ್ತರ ಬಂತು. ಮುಂಬಯಿಯಲ್ಲಿ ಸಿಕ್ಕ ಪ್ರತಿಯಲ್ಲಿ ತಪ್ಪು, ಲೋಪ ತುಂಬಿದ್ದವು. ಕಾಶಿ, ಕಲ್ಕತ್ತ, ಜೈಪುರಗಳಿಗೆ ಪತ್ರ ಬರೆದು ಅಲ್ಲಿನ ಪುಸ್ತಕ ಭಂಡಾರಗಳ ಪ್ರತಿಗಳನ್ನು ತರಿಸಿ, ‘ಜಯಮಂಗಲಾ’ ಎಂಬ ವ್ಯಾಖ್ಯಾನದ ನೆರವಿನಿಂದ ಒಂದನ್ನೊಂದು ಹೋಲಿಸಿ ಭಗವಾನ್‌ಲಾಲರು ಪಾಠ ಸಿದ್ಧಪಡಿಸಬೇಕಾಯಿತು. 1883ರಲ್ಲಿ ಇಂಗ್ಲಿಷ್ ‘ಕಾಮಸೂತ್ರ’ ಹೊರಬಿತ್ತು. ಅದರೊಂದಿಗೆ ಲೋಕಪ್ರಸಿದ್ಧವಾದದ್ದು ಆರ್ಬತ್ನಾಟನ ಜೊತೆಗಾರ ರಿಚರ್ಡ್ ಬರ್ಟನ್ ಹೆಸರು. ಬೆನ್ನುಮೂಳೆಯಾಗಿದ್ದ ಭಗವಾನ್‌ಲಾಲ್, ಅವರ ಜೊತೆ ದುಡಿದ ಶಿವರಾಮ್ ಪರಶುರಾಮ್ ಭಿಡೆ ಇವರ ಹೆಸರನ್ನು ಓದುಗರು ತಿಳಿದದ್ದು ಎಷ್ಟೋ ವರ್ಷ ಕಳೆದ ಮೇಲೆ. ಇದು ನನಗೆ ಇಂದಿಗೂ ನೋವಿನ ಸಂಗತಿ.

ಆ ಗ್ರಂಥದ ಹೆಸರು ಕೇಳಿದೊಡನೆ ಜನ ನೆನೆಯುವುದು ಒಂದೇ ವಿಷಯವನ್ನು. ಅದರಲ್ಲಿ ನಗರದ ಗಂಡು ಹೆಣ್ಣು ಗೆಳೆಯರೊಂದಿಗೆ ಕೂಡಿ ಆಚರಿಸುವ ದಿನಗಳ ಪಟ್ಟಿಯೂ ಇದೆ. ಬೆಳದಿಂಗಳ ರಾತ್ರಿ ಜಾಗರಣೆ, ವಸಂತದ ಹಬ್ಬ, ಮಾವಿನ ಕಾಯಿ ಮುರಿಯುವುದು, ಎಳೆ ತೆನೆ ಸುಟ್ಟು ತಿನ್ನುವುದು, ಕೊಳವೆಯಿಂದ ನೀರು ಚಿಮ್ಮುವುದು, ಎರಡು ಗುಂಪುಗಳಾಗಿ ಕದಂಬದ ಹೂಗಳಿಂದ ಹೊಡೆದಾಡುವುದು. ಎಳೆ ತೆನೆ ಎಂದರೆ ನಮ್ಮ ರಾಗಿ ಸೀಮೆಯವರಿಗೆ ಬೆಳಸೆಯ ನೆನಪು ಬಾರದೆ ಇರದು. ಈ ಪಟ್ಟಿಯಲ್ಲೇ ಹೋಲಾಕಾ ಎಂಬುದೂ ಇದೆ. ಫಾಲ್ಗುಣದ ಹುಣ್ಣಿಮೆಯಂದು ಕೊಂಬಿನಿಂದ ಬಣ್ಣದ ನೀರನ್ನು ಚಿಮ್ಮಿ, ಪರಿಮಳದ ಪುಡಿಯನ್ನು ಎರಚುವುದು ಎಂದು ಜಯಮಂಗಲಾಕಾರ ಬಿಡಿಸಿ ಹೇಳುತ್ತಾನೆ. ವಸಂತದ ಹಬ್ಬವನ್ನು ಮದನೋತ್ಸವ ಎಂದೇ ಕರೆಯುತ್ತಾನೆ.

ಎರಡನೆಯ ಗುರುತು ಸಿಕ್ಕಿದ್ದು ಬರ್ಲಿನ್‌ನಲ್ಲಿ. ಆಲ್ಬ್ರೆಕ್ಟ್ ವೆಬರ್ ಎಂಬ ಪ್ರಾಧ್ಯಾಪಕರು ಹಾಲ ಎಂಬ ಸಾತವಾಹನ ಅರಸನ ಹೆಸರಿನಲ್ಲಿರುವ ಪ್ರಾಕೃತ ಗಾಥೆಗಳ ಬೆನ್ನು ಹತ್ತಿದ್ದರು. ಕೈಗೆ ಸಿಕ್ಕಷ್ಟನ್ನು 1870ರಲ್ಲಿ, ಇನ್ನಷ್ಟು ಹಸ್ತಪ್ರತಿಗಳು ದೊರೆತ ಮೇಲೆ ಪೂರ್ತಿ ಏಳುನೂರರ ಸಂಕಲನವನ್ನು 1881ರಲ್ಲಿ ಅಚ್ಚು ಹಾಕಿಸಿದರು. ವೆಬರ್‌ಗೆ ಮುಖ್ಯವಾಗಿದ್ದುದು ಭಾಷೆ. ಆ ಭಾಷೆಯೊಳಗೆ ದಖ್ಖನದ ಹಳ್ಳಿಯೇ ಕುಳಿತಿತ್ತು. ಗೌಡನ ಮಗ, ಬೇಡರ ಹುಡುಗಿ, ಹತ್ತಿಹೊಲ, ಹೊಳೆದಂಡೆಯ ಬಿದಿರುಮೆಳೆ, ಸುದ್ದಿ ಒಯ್ಯುವ ಗೆಳತಿ. ಫಾಲ್ಗುಣದ ಹಬ್ಬವೂ ಅಲ್ಲಿ ಬರುತ್ತದೆ. ಅಂದು ಒಬ್ಬ ಹುಡುಗ ಎರಚಿದ ಕೆಸರನ್ನು ತೊಳೆದುಕೊಳ್ಳುತ್ತಿರುವ ಹುಡುಗಿಯನ್ನು ಗೆಳತಿ ಕೆಣಕುತ್ತಾಳೆ: ಅಲಂಕಾರದಂತಿರುವ ಇದನ್ನು ಯಾಕೆ ತೊಳೆಯುತ್ತೀ ಎಂಬುದು ಅವಳ ಮಾತಿನ ತಾತ್ಪರ್ಯ. ಅರಮನೆಯಿಲ್ಲ, ಚಂದನವಿಲ್ಲ, ಕಾಲಡಿಯ ಕೆಸರೇ ಸಾಕು. ಒಲವಿದ್ದಲ್ಲಿ ಅದೇ ಗಂಧ. ಅಂದಿನ ಸಾತವಾಹನರ ಆಳ್ವಿಕೆ ಕನ್ನಡ ನಾಡಿನ ಬಹುಭಾಗಕ್ಕೂ ಹಬ್ಬಿತ್ತೆಂಬುದನ್ನು ನೆನೆದರೆ ಆ ಕೆಸರು ನಮಗೆ ದೂರದ್ದಲ್ಲ.

ಮೂರನೆಯದು ಬಸವಕಲ್ಯಾಣದ್ದು. ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ಅಲ್ಲಿಂದ ಆಳಿದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಬರೆದ. ಅಡುಗೆಯಿಂದ ಆನೆಯವರೆಗೆ ಅದರಲ್ಲಿ ಇಲ್ಲದ್ದಿಲ್ಲ. ಬರೋಡದ ಪ್ರಾಚ್ಯ ಗ್ರಂಥಮಾಲೆಯಲ್ಲಿ ಜಿ. ಕೆ. ಶ್ರೀಗೊಂಡೇಕರ್ ಅವರ ಸಂಪಾದನೆಯಲ್ಲಿ ಮೊದಲ ಸಂಪುಟ ಬಂದದ್ದು 1925ರಲ್ಲಿ, ಮೂರನೆಯದು ಬಂದದ್ದು 1961ರಲ್ಲಿ. ಆಟಗಳ ಭಾಗ ಓದಬೇಕಾದವರು ಅಷ್ಟು ವರ್ಷ ಕಾಯಬೇಕಾಯಿತು! ಆಂದೋಲನ ಕ್ರೀಡೆ ಎಂದರೆ ಉಯ್ಯಾಲೆ, ಜ್ಯೋತ್ಸ್ನಾ ಕ್ರೀಡೆ ಎಂದರೆ ಬೆಳದಿಂಗಳಾಟ, ಸೇಚನ ಕ್ರೀಡೆ ಎಂದರೆ ನೀರೆರಚಾಟ. ಹಂಪಿಯ ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲಿ ಇದೇ ನೀರಾಟವನ್ನು ಕಲ್ಲಿನಲ್ಲಿ ಕಾಣಬಹುದು, ಚಿಮ್ಮುವ ಹೆಂಗಸರ ಸಮೇತ. ಕೃಷ್ಣದೇವರಾಯನ ಸಂಸ್ಕೃತ ನಾಟಕ ‘ಜಾಂಬವತೀ ಕಲ್ಯಾಣ’ ಆಡಲ್ಪಟ್ಟದ್ದು ವಿರೂಪಾಕ್ಷನ ವಸಂತೋತ್ಸವಕ್ಕೆ ನೆರೆದ ಜನರೆದುರು. ಕಾಂಟಿ ಹೇಳಿದ್ದು ಬರಿಯ ಪ್ರವಾಸಿಯ ಬೆರಗಲ್ಲ ಎಂಬುದಕ್ಕೆ ಇಷ್ಟು ಸಾಕ್ಷಿ ಒಟ್ಟಾಯಿತು.

ಆದರೂ ಸುಡುವುದೇಕೆ? ಹರ್ಷನ ‘ರತ್ನಾವಳಿ’ ನಾಟಕ ಶುರುವಾಗುವುದೇ ಮದನೋತ್ಸವದಿಂದ. ಕೆಂಪು ಅಶೋಕದ ಬುಡದಲ್ಲಿ ರಾಣಿ ಕಾಮನನ್ನು ಪೂಜಿಸುತ್ತಾಳೆ, ಆಮೇಲೆ ಗಂಡನನ್ನು ಪೂಜಿಸುತ್ತಾಳೆ. ಮರೆಯಲ್ಲಿ ನಿಂತ ಹುಡುಗಿಯೊಬ್ಬಳು ರಾಜನನ್ನೇ ಕಾಮನೆಂದು ಭಾವಿಸಿ ಮನಸೋಲುತ್ತಾಳೆ. ಅಲ್ಲಿ ಬೆಂಕಿಯ ಮಾತೇ ಇಲ್ಲ. ನಮ್ಮ ಸೀಮೆಯ ಭೀಮನ ಅಮಾವಾಸ್ಯೆಯನ್ನು ನಾನು ಇದರ ಪಕ್ಕದಲ್ಲಿಟ್ಟು ನೋಡುತ್ತೇನೆ. ಆಷಾಢದ ಕೊನೆಯ ದಿನ ಹೆಂಗಸರು ಗಂಡನ ಪಾದ ಪೂಜೆ ಮಾಡುತ್ತಾರೆ. ಸತ್ತ ರಾಜಕುಮಾರನಿಗೆ ಮದುವೆ ಮಾಡಿಕೊಟ್ಟರೂ ಮಣ್ಣಿನ ದೀಪ ಹಚ್ಚಿ ಶಿವಪಾರ್ವತಿಯರನ್ನು ಒಲಿಸಿ ಅವನನ್ನು ಬದುಕಿಸಿಕೊಂಡ ಹುಡುಗಿಯ ಕತೆ ಅಂದು ಓದಲಾಗುತ್ತದೆ. ಅಂದೇ ಹೊಸ್ತಿಲ ಮೇಲೆ ಅಣ್ಣತಮ್ಮಂದಿರು ಭಂಡಾರವೆಂಬ ಕಡುಬನ್ನು ಒಡೆದು ಅಕ್ಕತಂಗಿಯರ ಕೈಯಿಂದ ತಿನ್ನುತ್ತಾರೆ. ಮದನೋತ್ಸವದಿಂದಲೇ ಇದು ಬಂತೆಂದು ನಾನು ಹೇಳಲಾರೆ, ವಂಶಾವಳಿ ಹಾಗೆ ಸಲೀಸಾಗಿ ಹೊಂದುವುದಿಲ್ಲ. ಸತ್ತ ಗಂಡನನ್ನು ಮರಳಿ ಪಡೆಯುವ ಹೆಣ್ಣು ಮಾತ್ರ ಎರಡು ಕತೆಗಳಲ್ಲೂ ಇದ್ದಾಳೆ. ಶಿವನ ಕಣ್ಣಿಗೆ ಕಾಮ ಬೂದಿಯಾದ ಮೇಲೆ ರತಿ ಅತ್ತು ಬೇಡಿ ಅವನನ್ನು ಮೈಯಿಲ್ಲದವನಾಗಿಯಾದರೂ ಉಳಿಸಿಕೊಳ್ಳುತ್ತಾಳೆ. ಕಾಮಣ್ಣನ ಹಬ್ಬದಲ್ಲಿ ಬಾಯಿ ಬಡಿದುಕೊಳ್ಳುವುದು ಬೈಗುಳವಷ್ಟೇ ಅಲ್ಲ, ಸತ್ತವನಿಗಾಗಿ ಅಳುವುದೂ ಹೌದು ಎಂದು ಹೊಳೆದ ಮೇಲೆ ಆ ರಾತ್ರಿಯ ಗದ್ದಲ ನನ್ನ ಕಿವಿಗೆ ಬೇರೆಯೇ ಆಯಿತು.

ಕನ್ನಡದಲ್ಲೇ ಕಾಮ ಗೆದ್ದ ಕತೆಯೂ ಉಂಟು. ಹದಿಮೂರನೆಯ ಶತಮಾನದ ಜೈನ ಕವಿ ಆಂಡಯ್ಯನ ‘ಕಬ್ಬಿಗರ ಕಾವ’ದಲ್ಲಿ ಚಂದ್ರನನ್ನು ಶಿವ ಹಿಡಿದಿಟ್ಟನೆಂದು ಕಾಮ ದಂಡೆತ್ತಿ ಹೋಗಿ, ಶಿವನನ್ನೇ ಅರೆಹೆಣ್ಣಾಗಿಸುತ್ತಾನೆ. ಸಂಸ್ಕೃತದ ತತ್ಸಮಗಳನ್ನು ದೂರವಿಟ್ಟು ತಿಳಿಗನ್ನಡದಲ್ಲಿ ಬರೆಯುವ ಹಠ ತೊಟ್ಟ ಕವಿ ಅದಕ್ಕೆ ಆರಿಸಿಕೊಂಡದ್ದು ಕಾಮನ ಗೆಲುವನ್ನು. ಉತ್ತರದ ಕಡೆ ಹೋದರೆ ಇಂದಿಗೂ ಕಾಮ ಸಾಯುವ ಮುಂಚೆ ಚೆನ್ನಾಗಿಯೇ ಬದುಕುತ್ತಾನೆ. ಬಾಗಲಕೋಟೆಯಲ್ಲಿ ಹಲಗೆ ಬಾರಿಸುತ್ತ ದಿನಗಟ್ಟಲೆ ಹೋಳಿ, ಬಂಡಿಗಳಲ್ಲಿ ಬಣ್ಣದ ಪೀಪಾಯಿ. ರಾಣೆಬೆನ್ನೂರಿನಲ್ಲಿ ಇಬ್ಬರು ಜೀವಂತ ರತಿ ಕಾಮರಾಗಿ ಸಿಂಗರಿಸಿಕೊಂಡು ಬಿಗುಮುಖದಲ್ಲಿ ಕೂರುತ್ತಾರೆ, ನೆರೆದವರು ಏನೇನೋ ಆಡಿ ಅವರನ್ನು ನಗಿಸಲು ನೋಡುತ್ತಾರೆ, ನಗಿಸಿದವರಿಗೆ ಬಹುಮಾನ.

ಫೆಬ್ರವರಿ 14ರ ಮೂಲವನ್ನು ಹುಡುಕಿದ ಕತೆಯೂ ಇದಕ್ಕೆ ತುಂಬ ಹತ್ತಿರದ್ದು. ರೋಮನ್ನರ ಯಾವುದೋ ಹಳೆಯ ಹಬ್ಬದಿಂದ, ಗುಟ್ಟಾಗಿ ಮದುವೆ ಮಾಡಿಸಿದ ಸಂತನಿಂದ ಅದು ಬಂತೆಂದು ಎಲ್ಲರೂ ನಂಬಿದ್ದರು. ಅಮೆರಿಕದ ಪ್ರಾಧ್ಯಾಪಕ ಜ್ಯಾಕ್ ಓರುಕ್ 1981ರಲ್ಲಿ ಹಳೆಯ ದಾಖಲೆಗಳನ್ನು ಜಾಲಾಡಿ ಬರೆದ ಲೇಖನದಲ್ಲಿ, ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಕವಿ ಚಾಸರ್‌ಗಿಂತ ಮೊದಲು ಆ ಸಂತನನ್ನು ಪ್ರಣಯದೊಂದಿಗೆ ಸೇರಿಸಿದ ಒಂದು ಬರಹವೂ ಇಲ್ಲ ಎಂದು ತೋರಿಸಿದರು. ಹಕ್ಕಿಗಳು ಆ ದಿನ ಜೊತೆ ಆರಿಸಿಕೊಳ್ಳುತ್ತವೆ ಎಂದು ಚಾಸರ್ ಕವಿತೆ ಕಟ್ಟಿದ್ದ. ಕವಿಯ ಕಲ್ಪನೆ ನೂರು ವರ್ಷದೊಳಗೆ ಮನೆಮಾತಾಯಿತು. ನಾರ್ಫೋಕ್‌ನ ಒಬ್ಬ ತಾಯಿ 1477ರಲ್ಲಿ ಮಗಳನ್ನು ನೋಡುತ್ತಿದ್ದ ವರನಿಗೆ ಅದೇ ಹಕ್ಕಿಗಳ ಮಾತು ಬರೆದು ಆ ಹಬ್ಬಕ್ಕೆ ಕರೆದಳು. ಮಗಳು ಮಾರ್ಜರಿ ಬ್ರೂಸ್ ಅವನನ್ನು ನನ್ನ ವ್ಯಾಲೆಂಟೈನ್ ಎಂದು ಕರೆದು, ಅಪ್ಪ ಇನ್ನು ಹೆಚ್ಚು ವರದಕ್ಷಿಣೆ ಕೊಡಲಾರ, ನನ್ನ ಮೇಲೆ ಪ್ರೀತಿಯಿದ್ದರೆ ಕೈಬಿಡಬೇಡ ಎಂಬರ್ಥದಲ್ಲಿ ಕಾಗದ ಬರೆಸಿದಳು. ಮದುವೆ ನಡೆಯಿತು. 1787ರಿಂದ ಜಾನ್ ಫೆನ್ ಆ ವರನ ಮನೆತನದ ಕಾಗದಗಳನ್ನು ಅಚ್ಚು ಹಾಕಿಸತೊಡಗಿದ. ಮಾರ್ಜರಿಯ ಕಾಗದ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ವರದಕ್ಷಿಣೆಯ ಚೌಕಾಸಿಯ ನಡುವೆ ಸಿಕ್ಕಿಬಿದ್ದ ಆ ಹುಡುಗಿಯ ದನಿಯನ್ನು ಅರ್ಥ ಮಾಡಿಕೊಳ್ಳಲು ನಮ್ಮೂರ ಹೆಣ್ಣುಮಕ್ಕಳಿಗೆ ಟಿಪ್ಪಣಿ ಬೇಕಾಗದು.

ಮಿಕ್ಕ ಕೆಲವು ಹಬ್ಬಗಳ ಹುಟ್ಟು ಇಷ್ಟು ಮಸುಕಲ್ಲ. ಬ್ರೆಜಿಲ್‌ನ ಪ್ರೇಮಿಗಳ ದಿನ ಜೂನ್ 12, ಮದುವೆ ಕೂಡಿಸುವ ಸಂತ ಅಂತೋಣಿಯ ಹಬ್ಬದ ಮುನ್ನಾದಿನ. 1940ರ ದಶಕದ ಕೊನೆಗೆ ಜಾಹೀರಾತುದಾರರು ಅದನ್ನು ನೆಲೆಗೊಳಿಸಿದರು. ಜಪಾನಿನಲ್ಲಿ ಹೆಂಗಸರು ಕೊಟ್ಟ ಚಾಕೊಲೇಟಿಗೆ ಗಂಡಸರು ಮಾರ್ಚ್ 14ರಂದು ಪ್ರತಿಯಾಗಿ ಕೊಡುವ ರೂಢಿಯನ್ನು 1970ರ ದಶಕದ ಕೊನೆಗೆ ಮಿಠಾಯಿ ವ್ಯಾಪಾರಿಗಳು ಶುರುಮಾಡಿದರು. ಚೀನಾದ ಏಳನೆಯ ತಿಂಗಳ ಏಳನೆಯ ದಿನ ಮಾತ್ರ ನಿಜಕ್ಕೂ ಪುರಾತನ: ಆಕಾಶಗಂಗೆಯ ಎರಡು ದಡದ ದನಗಾಹಿ ಮತ್ತು ನೇಕಾರಗಿತ್ತಿ ವರ್ಷಕ್ಕೊಮ್ಮೆ ಹಕ್ಕಿಗಳ ಸೇತುವೆಯ ಮೇಲೆ ಕೂಡುತ್ತಾರೆ.

ಗೆಳೆತನದ ದಿನದ್ದು ನನಗೆ ಇನ್ನೂ ಪ್ರಿಯವಾದ ಕತೆ. ಪರಾಗ್ವೆ ನದಿಯ ದಡದ ಪುಟ್ಟ ಊರು ಪೋರ್ತೊ ಪಿನಾಸ್ಕೊ. 1958ರ ಜುಲೈ 20ರಂದು ರಾಮೋನ್ ಆರ್ತೆಮಿಯೊ ಬ್ರಾಚೊ ಎಂಬ ವೈದ್ಯರು ಗೆಳೆಯರೊಂದಿಗೆ ಊಟಕ್ಕೆ ಕುಳಿತಾಗ, ಸ್ನೇಹಕ್ಕೂ ಒಂದು ದಿನ ಬೇಡವೇ ಎಂಬ ಮಾತು ಹುಟ್ಟಿತು. ಪರಾಗ್ವೆ ಜುಲೈ 30ನ್ನು ಆಚರಿಸತೊಡಗಿತು. 2011ರಲ್ಲಿ ವಿಶ್ವಸಂಸ್ಥೆ ಅದೇ ದಿನವನ್ನು ಅಂತರರಾಷ್ಟ್ರೀಯ ಸ್ನೇಹದಿನವೆಂದು ಸಾರಿತು. ನಮ್ಮಲ್ಲಿ ಸಂಕ್ರಾಂತಿಯ ಸಂಜೆ ಹೆಣ್ಣುಮಕ್ಕಳು ತಟ್ಟೆಯಲ್ಲಿ ಎಳ್ಳು ಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಎಲಚಿ ಹಣ್ಣು ಇಟ್ಟುಕೊಂಡು ಮನೆಮನೆಗೆ ಬೀರುತ್ತಾರೆ. ವರ್ಷವಿಡೀ ಮಾತು ಬಿಟ್ಟ ಮನೆಯ ಮುಂದೆಯೂ ಅಂದು ತಟ್ಟೆ ಹಿಡಿದು ನಿಲ್ಲಬಹುದು. ದಸರೆಯಲ್ಲಿ ಉತ್ತರ ಕರ್ನಾಟಕದವರು ಬನ್ನಿ ಎಲೆ ಕೊಟ್ಟು ತಬ್ಬಿಕೊಳ್ಳುವುದೂ ಇಂಥದ್ದೇ. ಇವನ್ನು ಯಾವ ವೈದ್ಯರು, ಯಾವ ಊಟದ ಮನೆಯಲ್ಲಿ ಶುರುಮಾಡಿದರೋ ಹೆಸರು ಉಳಿದಿಲ್ಲ.

ಚದುರಿದ್ದ ಈ ಹಳೆಯ ಗುರುತುಗಳಲ್ಲಿ ಬಹುಪಾಲನ್ನು ಒಂದೆಡೆ ತಂದವರು ಪಾಂಡುರಂಗ ವಾಮನ ಕಾಣೆ. ಮುಂಬಯಿಯ ವಕೀಲರು, 1963ರಲ್ಲಿ ಭಾರತರತ್ನ ಪಡೆದವರು. ಧರ್ಮಶಾಸ್ತ್ರದ ಇತಿಹಾಸವನ್ನು 1930ರಿಂದ 1962ರವರೆಗೆ ಐದು ಸಂಪುಟಗಳಲ್ಲಿ ಬರೆದರು. ವ್ರತ, ಉತ್ಸವಗಳ ಭಾಗ 1958ರಲ್ಲಿ ಬಂತು. ಅವರು ಹೋಳಿಯ ಪ್ರಕರಣದಲ್ಲಿ ಕಾಮಸೂತ್ರವನ್ನೂ ಅದರ ವ್ಯಾಖ್ಯಾನವನ್ನೂ, ಗೃಹ್ಯಸೂತ್ರವನ್ನೂ ಮುಂದಿಟ್ಟು ಇನ್ನೊಂದು ಸಾಕ್ಷಿಯನ್ನು ತೆರೆದರು. ಇಡೀ ಹುಡುಕಾಟದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಅಲುಗಿಸಿದ್ದು ಅದು. ಜೈಮಿನಿಯ ಮೀಮಾಂಸಾಸೂತ್ರ, ಅದರ ಮೇಲೆ ಸಾವಿರದೈನೂರು ವರ್ಷಕ್ಕೂ ಹಿಂದೆ ಶಬರಸ್ವಾಮಿ ಬರೆದ ಭಾಷ್ಯ. ಯಜ್ಞದ ವಿಧಿವಾಕ್ಯಗಳನ್ನು ಬಿಡಿಸುವ ಶುಷ್ಕವೆನಿಸುವ ಆ ಶಾಸ್ತ್ರದಲ್ಲಿ ಹೋಲಾಕಾಕ್ಕೇ ಒಂದು ಅಧಿಕರಣವಿದೆ.

ಅಲ್ಲಿನ ತಕರಾರು ಹೀಗೆ. ಹೋಲಾಕಾ ಪೂರ್ವದೇಶದವರು ಮಾಡುವ ಆಚರಣೆ. ದಕ್ಷಿಣದವರಿಗೆ ಬೇರೊಂದಿದೆ, ಉತ್ತರದವರಿಗೆ ಮತ್ತೊಂದಿದೆ. ಹಾಗಾದರೆ ಪೂರ್ವದವರದು ಅವರಿಗಷ್ಟೇ ಸಲ್ಲಬೇಕಲ್ಲವೇ? ಪೂರ್ವಪಕ್ಷ ಹೌದೆನ್ನುತ್ತದೆ. ಸಿದ್ಧಾಂತ ಅದನ್ನು ಒಪ್ಪುವುದಿಲ್ಲ. ಪೂರ್ವದವನು ಎಂದು ಯಾರನ್ನು ಗುರುತಿಸುತ್ತೀರಿ? ಅಲ್ಲಿಂದ ವಲಸೆ ಬಂದವನೂ ತನ್ನ ಆಚರಣೆಯನ್ನು ಮುಂದುವರಿಸುತ್ತಾನೆ, ಅಲ್ಲೇ ಹೋಗಿ ನೆಲಸಿದವನು ಮಾಡದೆಯೂ ಇರುತ್ತಾನೆ. ಮಥುರೆ ಬಿಟ್ಟು ಬಂದವನನ್ನೂ ಜನ ಮಥುರೆಯವನೆಂದೇ ಕರೆಯುತ್ತಾರೆ. ವಾಸವಾಗಲಿ ಹೆಸರಾಗಲಿ ಹಕ್ಕಿಗೆ ಆಧಾರವಾಗದು. ಆದ್ದರಿಂದ ಹೋಲಾಕಾ ಎಲ್ಲರದು, ಮಾಡಬಯಸುವ ಯಾರಿಗೂ ಅದು ಸಲ್ಲುತ್ತದೆ ಎಂದು ಜೈಮಿನಿ, ಶಬರರು ತೀರ್ಪು ಕೊಟ್ಟರು.